ಎರಡು ಮಳೆಗಾಲ ಕಂಡ ನಮ್ಮ ಡೇಟಾಸ್ಪೇಸ್ ಕನೆಕ್ಟರ್

ಕರೆಂಟ್ ಹೋದರೆ ಡೇಟಾನೂ ಹೋಯ್ತು. ಎರಡು ವರ್ಷದಲ್ಲಿ ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದೊಂದಕ್ಕೇ.

ನಮ್ಮದು ಶಿರಸಿ ಹತ್ತಿರದ ಸಣ್ಣ ಬೆಳೆಗಾರರ ಗುಂಪು. ಅಡಿಕೆ ತೋಟದಲ್ಲಿ ಬೆಳೆದ ಕಾಫಿಯನ್ನು ಒಟ್ಟು ಮಾಡಿ ರಫ್ತುದಾರರಿಗೆ ಕೊಡುತ್ತೇವೆ. ಯುರೋಪಿನ 2023ರ ಅರಣ್ಯನಾಶ ತಡೆ ನಿಯಮ ಬಂದ ಮೇಲೆ ಅವರು ಒಂದೊಂದು ತೋಟದ ಅಕ್ಷಾಂಶ, ರೇಖಾಂಶ ಕೇಳತೊಡಗಿದರು. ಎಕ್ಸೆಲ್ ಮೇಲ್ ಮಾಡಿದರೆ ಅದು ಎಲ್ಲೆಲ್ಲಿ ತಿರುಗುತ್ತದೋ ಯಾರಿಗೆ ಗೊತ್ತು? ಅದಕ್ಕೇ ಎಕ್ಲಿಪ್ಸ್ ಡೇಟಾಸ್ಪೇಸ್ ಕಾಂಪೊನೆಂಟ್ಸ್‌ನ ಕನೆಕ್ಟರ್ ಹಾಕಿಕೊಂಡೆವು, ಅಂದರೆ ನಮ್ಮ ಷರತ್ತು ಒಪ್ಪಿದವರಿಗೆ ಮಾತ್ರ ಡೇಟಾ ಕೊಡುವ ಸಾಫ್ಟ್‌ವೇರ್. ಸಾಫ್ಟ್‌ವೇರ್ ಉಚಿತ. ಆದರೆ ಸುಮ್ನೆ ಇಳಿಸಿಕೊಂಡು ಬಳಸುವ ಆ್ಯಪ್ ಅಲ್ಲ, ಜಾವಾ ಬಲ್ಲವರು ಕೂತು ಜೋಡಿಸಬೇಕು. ನಮ್ಮ ದುಡ್ಡೆಲ್ಲ ಹೋಗಿದ್ದು ಅಲ್ಲಿಗೇ.

ಇದರಲ್ಲಿ ಎಲ್ಲರ ಡೇಟಾ ಹೋಗಿ ಬೀಳುವ ಒಂದು ಗೋದಾಮು ಇಲ್ಲ. ನಮ್ಮದು ಆಗ ನಮ್ಮ ಕಂಪ್ಯೂಟರಿನಲ್ಲೇ ಇತ್ತು. ಕೊಳ್ಳುವವರ ಕನೆಕ್ಟರ್ ಬಂದು ಕೇಳಬೇಕು, ನಮ್ಮ ಷರತ್ತು ಒಪ್ಪಬೇಕು, ಆಮೇಲೆ ಡೇಟಾ. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ ಅಂದರೆ ಕೇಳಿದವರಿಗೆ ಉತ್ತರ ಕೊಡೋರು ಯಾರು? ಇನ್ವರ್ಟರ್ ಆರು ತಾಸಿಗೇ ಕೈಕೊಟ್ಟಿತು. ರಫ್ತುದಾರರ ಆಫೀಸಿನಿಂದ ಮೂರು ಸಲ ಫೋನ್. "ಮೇಲ್ ಮಾಡಿಬಿಡಿ ಸಾರ್" ಅಂದರು. ನಾನು ಮಾಡಲಿಲ್ಲ.

ಯಾಕೆ ಅಂದರೆ, ಆ ನಿಯಮದ ಪ್ರಕಾರ ನಾಲ್ಕು ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದೇ ಬಿಂದು ಸಾಕು, ಆದರೆ ಅಕ್ಷಾಂಶ, ರೇಖಾಂಶದಲ್ಲಿ ದಶಾಂಶದ ನಂತರ ಕನಿಷ್ಠ ಆರು ಅಂಕೆ ಬೇಕು. ಅಷ್ಟು ಕೊಟ್ಟರೆ ಒಂದು ಮರದ ಬುಡವನ್ನೇ ತೋರಿಸಿದ ಹಾಗೆ. ನಮ್ಮಲ್ಲಿ ಹಿರಿಯರೊಬ್ಬರು ಮೊದಲೇ ಕೇಳಿದ್ದರು: "ತಮಾ, ನನ್ ತೋಟ ಯಾರ್ಯಾರ ಕೈಗೆ ಹೋಗ್ತು?"

ಈಗ ದಿನಾ ಬೆಳಿಗ್ಗೆ ಕಷಾಯದ ಲೋಟ ಹಿಡಿದು ಲಾಗ್, ಅಂದರೆ ಕನೆಕ್ಟರ್ ಬರೆದಿಡುವ ದಾಖಲೆ, ತೆರೆಯುತ್ತೇನೆ. ಯಾರು ಕೇಳಿದರು, ಯಾವ ಕೆಲಸಕ್ಕೆ, ಯಾವ ಷರತ್ತಿಗೆ ಒಪ್ಪಂದ ಆಯಿತು, ಒಂದೊಂದೇ ಸಾಲು ಓದುತ್ತೇನೆ. ಷರತ್ತಿಗೆ ಹೊಂದದ ಕೋರಿಕೆ ತಿರಸ್ಕಾರ ಆಗಿದ್ದು ಕಂಡರೆ ಮನಸ್ಸಿಗೆ ಎಷ್ಟು ನೆಮ್ಮದಿ! ಬ್ಯಾಂಕ್ ಪಾಸ್‌ಬುಕ್ ಬಿಟ್ಟರೆ ಇಷ್ಟು ಆಸೆಯಿಂದ ನಾನು ಬೇರೇನೂ ಓದಿದ್ದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಡೇಟಾ ಆ ಕಡೆ ತಲುಪಿದ ಮೇಲೆ ಅವರು ನಕಲು ಇಟ್ಟುಕೊಂಡರೆ ಕನೆಕ್ಟರ್ ಹೋಗಿ ಅಳಿಸಿ ಬರುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕರಾರು ಮಾತ್ರ. "ಮೂವತ್ತು ದಿನಕ್ಕೆ ಅಳಿಸಬೇಕು" ಅಂತ ಕಾಗದದಲ್ಲೂ ಬರೆಸಿಕೊಳ್ಳಿ.

ಕರೆಂಟಿನ ಕಾಟ ತಪ್ಪಲಿ ಅಂತ ಈ ಮಳೆಗಾಲಕ್ಕೆ ಮೊದಲೇ ಕನೆಕ್ಟರನ್ನು ಬಾಡಿಗೆ ಸರ್ವರಿಗೆ ಹಾಕಿದೆವು, ಡೇಟಾ ತೆರೆಯುವ ಕೀಲಿ ನಮ್ಮ ಕೈಯಲ್ಲೇ ಇದೆ. ತಿಂಗಳ ಬಾಡಿಗೆ ಗುಂಪಿಗೆ ಭಾರವೇ, ಆದರೂ ಕೊಡುತ್ತೇವೆ. ಆ ಹಿರಿಯರು ಮೊನ್ನೆ ಪಕ್ಕದ ತೋಟದವರನ್ನೂ ಕರೆದುಕೊಂಡು ಬಂದಿದ್ದರು, ಲಾಗ್ ತೋರಿಸಲಿಕ್ಕೆ.