ಇಪಿ ಬ್ರೇಕ್ ನಿಯಂತ್ರಣ ಘಟಕ: ಕೆಲಸದಲ್ಲಿ ಚುರುಕು, ಗಾಳಿಯ ವಿಷಯದಲ್ಲಿ ಕಟ್ಟುನಿಟ್ಟು

ರೈಲಿನ ಬರೀ ಗಾಳಿಯ ಬ್ರೇಕಿನಲ್ಲಿ ಚಾಲಕನ ಆದೇಶ ಪೈಪಿನ ಒತ್ತಡ ಇಳಿಕೆಯಾಗಿ ಸೆಕೆಂಡಿಗೆ ಸುಮಾರು 250 ಮೀಟರ್ ವೇಗದಲ್ಲಿ ಸಾಗುತ್ತದೆ. ಅಂದರೆ 500 ಮೀಟರ್ ಉದ್ದದ ಗಾಡಿಯ ಕೊನೆಯ ಬೋಗಿಗೆ ಎರಡು ಸೆಕೆಂಡು ತಡ. ಎಲೆಕ್ಟ್ರೋ-ನ್ಯೂಮ್ಯಾಟಿಕ್ (ಇಪಿ, ವಿದ್ಯುತ್ ಆದೇಶದಿಂದ ಗಾಳಿಯನ್ನು ನಿಯಂತ್ರಿಸುವ) ಘಟಕದಲ್ಲಿ ಆದೇಶ ತಂತಿಯಲ್ಲಿ ಹೋಗುವುದರಿಂದ ಎಲ್ಲ ಬೋಗಿಗಳೂ ಒಟ್ಟಿಗೆ ಬ್ರೇಕ್ ಹಿಡಿಯುತ್ತವೆ. ಬೋಗಿಗಳನ್ನು ಜೋಡಿಸುವ ಕಪ್ಲರ್‌ಗಳ ಎಳೆದಾಟ ಬಹಳ ಇಳಿಯುತ್ತದೆ. ಇದಕ್ಕೇ ಪೂರ್ಣ ಅಂಕ.

ಒಳಗೆ ಗಾಳಿ ತುಂಬಲು ಒಂದು, ಬಿಡಲು ಒಂದು ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ) ವಾಲ್ವ್, ಒತ್ತಡದ ಸೆನ್ಸರ್. ಇವು ಪೈಲಟ್ ಒತ್ತಡವನ್ನಷ್ಟೇ, ಅಂದರೆ ಎಷ್ಟು ಬ್ರೇಕ್ ಬೇಕೆಂದು ಹೇಳುವ ಸಂಕೇತದ ಒತ್ತಡವನ್ನಷ್ಟೇ, ರೂಪಿಸುತ್ತವೆ. ಅದನ್ನು ಅನುಸರಿಸಿ ಬ್ರೇಕ್ ಸಿಲಿಂಡರಿಗೆ ಬೇಕಾದ ಗಾಳಿಯನ್ನು ರಿಲೇ ವಾಲ್ವ್ ಕೊಡುತ್ತದೆ. ಬೋಗಿಯನ್ನು ಹೊರುವ ಏರ್ ಸ್ಪ್ರಿಂಗ್ (ಗಾಳಿ ತುಂಬಿದ ಸ್ಪ್ರಿಂಗ್) ಒತ್ತಡದಿಂದ ಬೋಗಿಯ ಭಾರ ತಿಳಿದು ಬ್ರೇಕ್ ಬಲ ಹೊಂದಿಕೊಳ್ಳುತ್ತದೆ. ತುರ್ತು ವಾಲ್ವ್‌ಗೆ ಕರೆಂಟ್ ತಪ್ಪಿದರೆ ಬ್ರೇಕ್ ಬೀಳಲೇಬೇಕು. ಈ ಸರ್ಕ್ಯೂಟ್ ಸಾಫ್ಟ್‌ವೇರನ್ನು ನಂಬಿಕೊಂಡಿರಬಾರದು.

ತೊಂದರೆಗಳ ಮೂಲ ಹೆಚ್ಚಾಗಿ ತೇವ ಮತ್ತು ತುಕ್ಕಿನ ಪುಡಿ: ಸೊಲೆನಾಯ್ಡಿನ ಸಣ್ಣ ರಂಧ್ರ ಕಟ್ಟುತ್ತದೆ, ವಾಲ್ವ್ ಮುಚ್ಚಿ ಕೂರುವ ಸೀಟಿನಲ್ಲಿ ಸೋರಿಕೆ ಶುರುವಾಗುತ್ತದೆ. ಬ್ರೇಕ್ ಹಿಡಿದು ನಿಂತಾಗಲೂ ವಾಲ್ವ್ ಟಕಟಕ ಎನ್ನುತ್ತಿದ್ದರೆ ಮೊದಲು ಸೋರಿಕೆ ನೋಡಿ, ಆಮೇಲೆ ಡೆಡ್‌ಬ್ಯಾಂಡ್ (ವಾಲ್ವ್ ಸ್ಪಂದಿಸದೆ ಬಿಡುವ ಸಣ್ಣ ಒತ್ತಡ ವ್ಯತ್ಯಾಸದ ಮಿತಿ) ತೀರಾ ಕಿರಿದಾಗಿದೆಯೇ ಪರೀಕ್ಷಿಸಿ. ಸೆನ್ಸರನ್ನು ಸೊನ್ನೆ, ಮಧ್ಯ, ಪೂರ್ಣ ಒತ್ತಡಗಳಲ್ಲಿ ನಂಬಲರ್ಹ ಗೇಜಿಗೆ ಹೋಲಿಸಿ. ಏರ್ ಡ್ರೈಯರ್ (ಗಾಳಿಯ ತೇವ ತೆಗೆಯುವ ಸಾಧನ) ಇಲ್ಲದ ಗಾಡಿಗೆ ಈ ಘಟಕವನ್ನು ಕೂರಿಸಬೇಡಿ.