ಮುಧೋಳ ಮರಿಯ ಊಟಕ್ಕೆ ಅಡುಗೆಮನೆಯ ತೂಕದ ಮಷಿನ್

ಮನೆಗೆ ನಾಯಿಮರಿ ತಂದವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ‘ಯಾವ ಕಂಪನಿಯ ಫುಡ್ ಹಾಕಲಿ?’ ಎಂಬುದು. ಅದಕ್ಕೂ ಮೊದಲು ಒಂದು ವಸ್ತು ಕೊಳ್ಳಿ ಎಂದು ನಾನು ಹೇಳುತ್ತೇನೆ. ₹500ರ ಆಸುಪಾಸಿನಲ್ಲಿ ಸಿಗುವ, ಕೇಕ್ ಮಾಡುವವರು ಇಟ್ಟುಕೊಂಡಿರುತ್ತಾರಲ್ಲ, ಆ ಡಿಜಿಟಲ್ ತೂಕದ ಮಷಿನ್. ನನ್ನದು ಬಿಳಿ ಪ್ಲಾಸ್ಟಿಕ್‌ನದು, 10 ಕಿಲೋವರೆಗೆ ತೂಗುತ್ತದೆ, ಒಂದೊಂದು ಗ್ರಾಂ ತೋರಿಸುತ್ತದೆ, ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುತ್ತದೆ. ಇಂಥದ್ದೇ ಮಷಿನ್ ಹತ್ತಾರು ಹೆಸರಿನಲ್ಲಿ ಮಾರಾಟಕ್ಕಿದೆ. ಹಾಗಾಗಿ ನಾನು ಬರೆಯುತ್ತಿರುವುದು ಒಂದು ಕಂಪನಿಯ ಬಗ್ಗೆ ಅಲ್ಲ, ಈ ಜಾತಿಯ ಮಷಿನ್ ಒಂದು ಮರಿಯ ಊಟವನ್ನು ಹೇಗೆ ಹದಕ್ಕೆ ತಂದಿತು ಎಂಬುದರ ಬಗ್ಗೆ.

ನಮ್ಮದು ಧಾರವಾಡ. ಮರಿ ಮುಧೋಳ ತಳಿಯ ಹೆಣ್ಣು, ಹೆಸರು ತಾರಾ. ಎರಡು ತಿಂಗಳು ತುಂಬಿದ ಮೇಲೆ ಮುಧೋಳದ ಕಡೆಯ ಒಂದು ರೈತರ ಮನೆಯಿಂದ ತಂದೆವು. (ಅಲ್ಲೇ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಈ ತಳಿ ಸಾಕಬೇಕೆಂದಿರುವವರು ಒಮ್ಮೆ ಅಲ್ಲಿ ವಿಚಾರಿಸುವುದು ಒಳ್ಳೆಯದು.) ಮುಧೋಳ ನಾಯಿ ಓಡುವುದಕ್ಕೇ ಹುಟ್ಟಿದ್ದು. ಎದೆ ಆಳ, ಹೊಟ್ಟೆ ಒಳಕ್ಕೆ, ಕಾಲು ಉದ್ದ. ಮೈತುಂಬಿದ ಲ್ಯಾಬ್ರಡಾರ್ ನೋಡಿ ಅಭ್ಯಾಸವಾದ ಕಣ್ಣಿಗೆ ಆರೋಗ್ಯವಾಗಿರುವ ಮುಧೋಳವೂ ಉಪವಾಸ ಬಿದ್ದಂತೆ ಕಾಣುತ್ತದೆ. ಹಿಂದಿನ ಎರಡು ಮೂರು ಪಕ್ಕೆಲುಬು ಕಂಡರೆ ಆ ತಳಿಗೆ ಅದು ಸಹಜ.

ಇದು ನಮ್ಮ ಓಣಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹೊರಗೆ ಕರೆದುಕೊಂಡು ಹೋದರೆ ಸಾಕು, ಎದುರುಮನೆಯವರು ಗೇಟಿಗೆ ಬಂದು, ‘ಅಕ್ಕಾರ, ಕೂಸಿಗೆ ಹೊಟ್ಟಿತುಂಬ ಹಾಕ್ರೀ, ಎಲುಬು ಎಣಿಸೂಹಂಗ ಆಗೇತಿ’ ಎನ್ನುತ್ತಿದ್ದರು. ಅದು ಬರೀ ಮಾತಿನಲ್ಲಿ ಮುಗಿಯುತ್ತಿರಲಿಲ್ಲ, ಕೈಯಲ್ಲಿ ಒಂದು ಜೋಳದ ರೊಟ್ಟಿಯೂ ಇರುತ್ತಿತ್ತು. ಅವರ ಪ್ರೀತಿ ದೊಡ್ಡದು, ಅದಕ್ಕೆ ನನ್ನ ನಮಸ್ಕಾರ. ಆದರೆ ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು. ಕಣ್ಣಳತೆ ಇಷ್ಟು ಜಗ್ಗಾಡುವಾಗ ಅಂಕಿ ಬೇಕೇ ಬೇಕು ಅನ್ನಿಸಿತು.

ಲೆಕ್ಕ ಹೀಗೆ. ಮರಿಯ ತೂಕವನ್ನು ಕಿಲೋದಲ್ಲಿ ಬರೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಮತ್ತೊಮ್ಮೆ ಗುಣಿಸಿ ಘನ ಮಾಡಿ. ಆಮೇಲೆ ಕ್ಯಾಲ್ಕುಲೇಟರಿನ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. ಸುಮ್ಮನೆ ಮಲಗಿರುವ ನಾಯಿಗೂ ದಿನಕ್ಕೆ ಬೇಕಾಗುವ ಕ್ಯಾಲರಿ ಅದು. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರು ಪಟ್ಟು, ನಾಲ್ಕು ತಿಂಗಳು ದಾಟಿದ ಬೆಳೆಯುವ ಮರಿಗೆ ಎರಡು ಪಟ್ಟು. ಪಶುವೈದ್ಯರು ಬಳಸುವ ಸೂತ್ರವೇ ಇದು. ತಾರಾ ಬಂದಾಗ 4 ಕಿಲೋ ಇದ್ದಳು. 4ರ ಘನ 64, ವರ್ಗಮೂಲ 8, ಮತ್ತೊಮ್ಮೆ ವರ್ಗಮೂಲ 2.83, 70ರಿಂದ ಗುಣಿಸಿದರೆ 198. ಅದರ ಮೂರು ಪಟ್ಟು 594. ನಾವು ತಂದ ಪಪ್ಪಿ ಫುಡ್ ಚೀಲದ ಮೇಲೆ 100 ಗ್ರಾಂಗೆ 370 ಕಿಲೋಕ್ಯಾಲರಿ ಎಂದಿತ್ತು (ನಾವು ಮಾತಿನಲ್ಲಿ ಕ್ಯಾಲರಿ ಎನ್ನುವುದು ಇದನ್ನೇ). ಅಂದರೆ ದಿನಕ್ಕೆ 160 ಗ್ರಾಂ, ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 40 ಗ್ರಾಂ.

ಈಗ ಆ ರೊಟ್ಟಿಗೆ ಬನ್ನಿ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೂ 165 ಕ್ಯಾಲರಿಗೆ ಕಡಿಮೆ ಇಲ್ಲ. ತಾರಾಳ ಒಂದು ಹೊತ್ತಿನ ಊಟ 148 ಕ್ಯಾಲರಿ. ಗೇಟಿನ ಹತ್ತಿರ ಒಂದು ರೊಟ್ಟಿ ತಿಂದು ಬಂದ ಮರಿ ಪೂರ್ತಿ ಒಂದು ಊಟ ಮುಗಿಸಿಯೇ ಒಳಗೆ ಬರುತ್ತದೆ. ಆಮೇಲೆ ಬಟ್ಟಲು ಮುಟ್ಟಲಿಲ್ಲವೆಂದರೆ ‘ಫುಡ್ ಸೇರುತ್ತಿಲ್ಲ’ ಎಂದು ಚೀಲ ಬದಲಿಸುತ್ತೇವೆ, ಮೇಲೆ ಹಾಲು ಸುರಿಯುತ್ತೇವೆ, ಮರಿಗೆ ಭೇದಿ ಶುರುವಾಗುತ್ತದೆ. ಈ ಲೆಕ್ಕವನ್ನು ಎದುರುಮನೆಯವರಿಗೆ ರೊಟ್ಟಿ ಒಂದು ಕಡೆ, ಬಟ್ಟಲಿನ ಕಾಳು (ಪಪ್ಪಿ ಫುಡ್ಡಿಗೆ ನಾನು ಕಾಳು ಎನ್ನುತ್ತೇನೆ) ಒಂದು ಕಡೆ ಇಟ್ಟು ತೂಗಿ ತೋರಿಸಿದೆ. ‘ಹೌದಲ್ರೀ, ಇಷ್ಟs ಏನು ಅದರ ಊಟ!’ ಎಂದರು. ಈಗ ಅವರು ತಾರಾಗೆಂದು ಕೊಡುವುದು ಗಜ್ಜರಿಯ ಒಂದು ತುಂಡು, ಅಷ್ಟೇ. ರೊಟ್ಟಿಯ ಜೊತೆ ಉಳ್ಳಾಗಡ್ಡಿ, ಬಳ್ಳೊಳ್ಳಿ ಬಿದ್ದ ಪಲ್ಯ ಬರುವ ಭಯವೂ ತಪ್ಪಿತು. ಅವೆರಡೂ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ನಾಯಿಗೆ ವಿಷವೇ.

ಮಷಿನ್ನಿನ ನಿಜವಾದ ಬೆಲೆ ತಿಳಿದದ್ದು ಆಹಾರ ಬದಲಿಸುವಾಗ. ತಂದ ಮನೆಯಲ್ಲಿ ತಾರಾ ಜೋಳದ ನುಚ್ಚು, ಹಾಲು, ಆಗಾಗ ಮೊಟ್ಟೆ ತಿಂದು ಬೆಳೆದವಳು. ಆ ಸೀಮೆಯ ರೂಢಿ ಅದು, ಅದನ್ನು ಹೀಗಳೆಯುವ ಮನಸ್ಸು ನನಗಿಲ್ಲ. ಆದರೆ ಬೆಳೆಯುವ ಮರಿಗೆ ಬೇಕಾದ ಪ್ರೋಟೀನು, ಸುಣ್ಣದ ಅಂಶ ನುಚ್ಚಿನಲ್ಲಿ ಸಾಲದು. ಹಳೆಯದನ್ನು ಒಮ್ಮೆಲೇ ನಿಲ್ಲಿಸಿದರೆ ಹೊಟ್ಟೆ ಕೆಡುತ್ತದೆ, ಒಂದು ವಾರ ಹಿಡಿದು ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಸ್ವಲ್ಪ ಎಂದರೆ ಎಷ್ಟು? ಒಣ ಜೋಳದಲ್ಲಿ 100 ಗ್ರಾಂಗೆ ಸುಮಾರು 330 ಕ್ಯಾಲರಿ. ಒಂದಕ್ಕೆ ನಾಲ್ಕು ನೀರು ಹಾಕಿ ಬೇಯಿಸಿದರೆ ಅದೇ 100 ಗ್ರಾಂ ನುಚ್ಚಿನಲ್ಲಿ 66 ಮಾತ್ರ. ಹಾಗಾಗಿ 10 ಗ್ರಾಂ ಕಾಳು ಸೇರಿಸಿದಾಗ 55 ಗ್ರಾಂ ನುಚ್ಚು ತೆಗೆಯಬೇಕು. ಮೊದಲ ಎರಡು ದಿನ ಹೊತ್ತಿಗೆ 10 ಗ್ರಾಂ ಕಾಳು, ಆಮೇಲೆ 20, 30, ಕೊನೆಗೆ ಪೂರ್ತಿ 40. ಕಾಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ನೆನೆಸಿ ಹಾಕುತ್ತಿದ್ದೆ. ಮಲ ಒಂದು ದಿನವೂ ತೆಳ್ಳಗಾಗಲಿಲ್ಲ. ಮೊಟ್ಟೆಯನ್ನು ಈಗಲೂ ಕೊಡುತ್ತೇನೆ, ಬೇಯಿಸಿ. ಒಂದು ಮೊಟ್ಟೆ 70 ಕ್ಯಾಲರಿ, ಅಷ್ಟಕ್ಕೆ 19 ಗ್ರಾಂ ಕಾಳು ಕಡಿಮೆ. ಮೇಲಿನ ತಿಂಡಿಯೆಲ್ಲ ಸೇರಿ ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ಮೀರಬಾರದು ಎಂಬುದು ನಿಯಮ. ಆದ್ದರಿಂದ ಚಿಕ್ಕವಳಿದ್ದಾಗ ಅರ್ಧ ಮೊಟ್ಟೆ ಮಾತ್ರ.

ಹೊತ್ತು ಬೆಳಿಗ್ಗೆ 6.30, 11, ಮಧ್ಯಾಹ್ನ 3.30, ರಾತ್ರಿ 8. ಬಟ್ಟಲು ಇಪ್ಪತ್ತು ನಿಮಿಷ ಇರುತ್ತದೆ, ಉಳಿದದ್ದನ್ನು ಎತ್ತಿಬಿಡುತ್ತೇನೆ. ನೀರು ಮಾತ್ರ ಯಾವಾಗಲೂ ಇರುತ್ತದೆ. ಉಂಡ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಹೊರಗೆ ಕರೆದೊಯ್ದರೆ ಮರಿ ಅಲ್ಲೇ ಮುಗಿಸುತ್ತದೆ, ಮನೆಯೊಳಗೆ ಗಲೀಜು ಮಾಡುವ ರೂಢಿಯೇ ಬೆಳೆಯುವುದಿಲ್ಲ. ಊಟದ ಹೊತ್ತು ದಿನಕ್ಕೊಂದು ತರಹ ಆದರೆ ಈ ಲಾಭ ಇಲ್ಲ. ಹೊರಗೆ ಹೋದರೂ ನಡಿಗೆ ಮಾತ್ರ, ಓಟ ಬೇಡ. ಮುಧೋಳದಂಥ ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ನಾಲ್ಕು ತಿಂಗಳ ಮೇಲೆ ಮೂರು ಹೊತ್ತು, ಆರರ ಮೇಲೆ ಎರಡು ಹೊತ್ತು ಮಾಡಿದೆವು.

ಚೀಲದ ಜೊತೆ ಒಂದು ಪ್ಲಾಸ್ಟಿಕ್ ಕಪ್ ಬರುತ್ತದಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಮ್ಮ ಕಪ್ಪನ್ನು ಅಂಚಿಗೆ ಸಮ ಮಾಡಿ ತೂಗಿದರೆ 85 ಗ್ರಾಂ, ನನ್ನ ಮಗ ತುಂಬುವ ಹಾಗೆ ಗೋಪುರ ಮಾಡಿದರೆ 110. ಪ್ರತಿ ಹೊತ್ತೂ ಕಾಲುಭಾಗ ಹೆಚ್ಚಾದರೆ ಎತ್ತರ ಬೆಳೆಯುವ ಮರಿಯ ಎಳೆಯ ಕೀಲುಗಳ ಮೇಲೆ ಆ ಭಾರ ಬೀಳುತ್ತದೆ.

ಇನ್ನು ಮರಿಯನ್ನೇ ತೂಗುವ ಮಾತು. ಮಷಿನ್ನಿನ ತಟ್ಟೆ ಅಂಗೈಯಷ್ಟು, ಅದರ ಮೇಲೆ ಮರಿ ನಿಲ್ಲುವುದಿಲ್ಲ. ಬಿದಿರಿನ ಬುಟ್ಟಿಯೊಂದನ್ನು ಇಟ್ಟು, ‘ಟೇರ್’ ಗುಂಡಿ ಒತ್ತಿ ಸೊನ್ನೆಗೆ ತಂದು, ಮರಿಯನ್ನು ಒಳಗೆ ಕೂರಿಸಬೇಕು. ಮೊದಲು ತಾರಾ ಹೊರಗೆ ಜಿಗಿಯುತ್ತಿದ್ದಳು. ಬುಟ್ಟಿಯಲ್ಲಿ ಎರಡು ಕಾಳು ಹಾಕಿಟ್ಟರೆ ಮೂಗು ಕೆಳಗಿಟ್ಟು ಹುಡುಕುತ್ತಾಳೆ, ಅಷ್ಟರಲ್ಲಿ ಅಂಕಿ ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಅದೇ ಬುಟ್ಟಿಯಲ್ಲಿ. ಆ ಅಂಕಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಹಿಂದಿನ ಚುಕ್ಕೆಗೆ ಗೆರೆ ಸೇರಿಸುತ್ತೇನೆ.

ಈ ಹಾಳೆಯೇ ಒಮ್ಮೆ ನಮ್ಮನ್ನು ಎಚ್ಚರಿಸಿತು. ಏರುತ್ತಲೇ ಇದ್ದ ಗೆರೆ ಒಂದು ವಾರ ಚಪ್ಪಟೆಯಾಯಿತು. ಮರಿ ಆಡುತ್ತಿತ್ತು, ಬಟ್ಟಲು ಖಾಲಿ ಮಾಡುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಸರ್ಕಾರಿ ಪಶು ಆಸ್ಪತ್ರೆಗೆ ಹಾಳೆ ಸಮೇತ ಹೋದೆ. ಡಾಕ್ಟರು ಹಾಳೆಯನ್ನು ನೋಡಿ ಮಲ ಪರೀಕ್ಷೆ ಬರೆದುಕೊಟ್ಟರು. ಜಂತುಹುಳ ಇತ್ತು. ಔಷಧಿಯ ಪ್ರಮಾಣವೂ ತೂಕದ ಮೇಲೆಯೇ, ನಮ್ಮ ಹತ್ತಿರ ಸರಿಯಾದ ತೂಕ ಇತ್ತು. ಮುಂದಿನ ಭಾನುವಾರ ಗೆರೆ ಮತ್ತೆ ಮೇಲೆ ತಿರುಗಿದಾಗ ನನಗಾದ ಸಂತೋಷ ಬರೆದು ತಿಳಿಸಲಾಗದು.

ಆಹಾರದ ಪ್ರಮಾಣ ಹೆಚ್ಚಿಸುವಾಗಲೂ ಇದೇ ಹಾಳೆ ಆಧಾರ. ತೂಕ ಇಮ್ಮಡಿಯಾದರೆ ಊಟವೂ ಇಮ್ಮಡಿ ಎಂದುಕೊಳ್ಳುವವರೇ ಹೆಚ್ಚು. ಹಾಗಿಲ್ಲ. 8 ಕಿಲೋದ ಮರಿಗೆ ಅದೇ ಸೂತ್ರದಲ್ಲಿ 270 ಗ್ರಾಂ ಬರುತ್ತದೆ, 320 ಅಲ್ಲ. ನಾಲ್ಕು ತಿಂಗಳು ದಾಟಿ 10 ಕಿಲೋ ಆದಾಗ ಎರಡು ಪಟ್ಟಿನ ಲೆಕ್ಕದಲ್ಲಿ 213 ಗ್ರಾಂ, ಅಂದರೆ ಮರಿ ಬೆಳೆದರೂ ಊಟ ಇಳಿಯುತ್ತದೆ. ನಾನು ಅದನ್ನು ಒಮ್ಮೆಲೇ ಇಳಿಸಲಿಲ್ಲ. ವಾರಕ್ಕೆ ಸ್ವಲ್ಪ ಸ್ವಲ್ಪ ತಗ್ಗಿಸುತ್ತ, ಪಕ್ಕೆಲುಬಿನ ಮೇಲೆ ಅಂಗೈ ಸವರಿ ನೋಡುತ್ತ, ಗೆರೆಯ ಏರು ಸರಿಯಿರುವಲ್ಲಿ ನಿಲ್ಲಿಸಿದೆ. ಸೂತ್ರ ಎಲ್ಲಿಂದ ಶುರು ಮಾಡಬೇಕು ಎಂದು ಹೇಳುತ್ತದೆ, ಮುಂದಿನದನ್ನು ನಿಮ್ಮ ಮರಿಯೇ ಹೇಳಬೇಕು.

ಮಷಿನ್ನಿನ ಕೊರತೆಗಳನ್ನೂ ಹೇಳುತ್ತೇನೆ. ಎರಡು ನಿಮಿಷ ಮುಟ್ಟದಿದ್ದರೆ ತಾನೇ ಆರಿಹೋಗುತ್ತದೆ, ಟೇರ್ ಮಾಡಿದ್ದೂ ಹೋಗುತ್ತದೆ. ಮರಿಯನ್ನು ಹಿಡಿದು ತರುವಷ್ಟರಲ್ಲಿ ಹೀಗಾದರೆ ಸಿಟ್ಟು ಬರುತ್ತದೆ. ಅಗಲವಾದ ಬಟ್ಟಲು ಇಟ್ಟರೆ ಅಂಕಿ ಕಾಣುವ ಪರದೆ ಮುಚ್ಚಿಹೋಗುತ್ತದೆ. ಕಾಳನ್ನು ಒಂದೊಂದಾಗಿ ಉದುರಿಸಿದರೆ ಅದು ಗಮನಿಸುವುದೇ ಇಲ್ಲ, 40 ತೋರಿಸುತ್ತಲೇ ಮೂರು ನಾಲ್ಕು ಗ್ರಾಂ ಹೆಚ್ಚು ನುಂಗುತ್ತದೆ. ಬಟ್ಟಲನ್ನು ಎತ್ತಿ ಮತ್ತೆ ಇಟ್ಟರೆ ಸರಿಯಾದ ತೂಕ ಬರುತ್ತದೆ. ಒದ್ದೆ ಕೈ ಬೇಡ, ಗುಂಡಿಯ ಸಂದಿಯಲ್ಲಿ ನೀರು ಇಳಿಯುತ್ತದೆ. 10 ಕಿಲೋ ದಾಟಿದ ಮೇಲೆ ಮರಿಯನ್ನು ತೂಗಲು ಇದು ಬಾರದು. ನಾನೀಗ ಮನುಷ್ಯರ ತೂಕದ ಮಷಿನ್ ಮೇಲೆ ತಾರಾಳನ್ನು ಎತ್ತಿಕೊಂಡು ನಿಂತು, ನನ್ನ ತೂಕ ಕಳೆಯುತ್ತೇನೆ. ಕಾಳು ತೂಗಲು ಮಾತ್ರ ಹಳೆಯದೇ.

ಒಂದು ಬೇಸರದ ಸಂಗತಿ. ಫುಡ್ ತರಲು ಹೋದ ಅಂಗಡಿಯೊಂದರಲ್ಲಿ ಚೀಲದ ಜೊತೆ ಕ್ಯಾಲ್ಸಿಯಂ ಸಿರಪ್ಪನ್ನೂ ಕೈಗೆ ತುರುಕಿದರು, ‘ಮುಧೋಳಕ್ಕೆ ಕಾಲು ಗಟ್ಟಿ ಆಗಬೇಕಲ್ಲ’ ಎಂದು. ಮರಿಗಳಿಗೆಂದೇ ಮಾಡಿದ ಸಂಪೂರ್ಣ ಆಹಾರದಲ್ಲಿ ಕ್ಯಾಲ್ಸಿಯಂ ಅಳತೆಗೆ ಸರಿಯಾಗಿಯೇ ಇರುತ್ತದೆ. ಅದರ ಮೇಲೆ ಸಿರಪ್ ಸುರಿದರೆ ಎತ್ತರ ಬೆಳೆಯುವ ತಳಿಗಳ ಮೂಳೆ ಸೊಟ್ಟಗಾಗುವ ಅಪಾಯವಿದೆ. ನಾನು ತಿರುಗಿ ಕೊಟ್ಟುಬಂದೆ. ನಿಮ್ಮ ಡಾಕ್ಟರು ಪರೀಕ್ಷಿಸಿ ಬರೆದುಕೊಡದ ಹೊರತು ನೀವೂ ತೆಗೆದುಕೊಳ್ಳಬೇಡಿ. ಆ ಸಿರಪ್ಪಿನ ದುಡ್ಡಿನಲ್ಲಿ ಈ ಮಷಿನ್ನಿನ ಅರ್ಧ ಬೆಲೆ ಬರುತ್ತದೆ.

ಕೊಳ್ಳುವಾಗ ಮೂರು ಸಂಗತಿ ನೋಡಿ. 10 ಕಿಲೋದ್ದೇ ತೆಗೆದುಕೊಳ್ಳಿ, 5 ಕಿಲೋದ್ದು ಮುಧೋಳ ಮರಿಗೆ ಬಹುಬೇಗ ಸಾಲದಾಗುತ್ತದೆ. ಪೆನ್ಸಿಲ್ ಸೆಲ್ಲಿನದೇ ಇರಲಿ, ಗುಂಡಿ ಸೆಲ್ಲು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮರಿ ನುಂಗಿದರೆ ಗಂಟಲು ಸುಡುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಬೇಕೆಂದರೆ ಎರಡು ಬಣ್ಣದ ₹10ರ ನಾಣ್ಯ ಹತ್ತು ಒಯ್ಯಿರಿ. ಒಂದೊಂದು 7.7 ಗ್ರಾಂ ಇರುತ್ತದೆ. ಹತ್ತನ್ನೂ ಒಟ್ಟಿಗೆ ಇಟ್ಟಾಗ 77 ತೋರಿಸಿದರೆ ಮನೆಗೆ ತನ್ನಿ, 80 ದಾಟಿದರೆ ಬೇರೆಯದನ್ನು ಕೇಳಿ.