ಒಂದು ವರ್ಷದ ಮೀಡಿಯಾ ಡಿಪ್ಲೊಮಾನೋ, ಎರಡು ವರ್ಷದ ಎಂಎನೋ? ಎರಡೂ ಓದಿದವಳ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸರ್ಕಾರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಎಂಎಗೆ. ಎರಡೂ ಕಡೆ ಓದಿದ್ದೇನೆ, ಎರಡೂ ಕಡೆ ಫೀಸು ಕಟ್ಟಿದ್ದೇನೆ. ಒಂದು ಕಡೆ ಕಟ್ಟಿದ್ದು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ಇದನ್ನು ಬರೆಯುತ್ತಿರುವುದಕ್ಕೆ ನನ್ನ ಚಿಕ್ಕಮ್ಮನ ಮಗಳು ಕಾರಣ. ಬಿಎ ಮುಗಿಸಿದ್ದಾಳೆ. "ಅಕ್ಕಾ, ಬೆಂಗಳೂರಲ್ಲಿ ಒಂದು ವರ್ಷದ್ದು ಮೀಡಿಯಾ ಕೋರ್ಸ್ ಇದ್ಯಂತೆ, ಪ್ಲೇಸ್‌ಮೆಂಟ್ ಗ್ಯಾರಂಟಿಯಂತೆ, ಸೇರಿಬಿಡ್ಲಾ?" ಅಂತ ವಾಟ್ಸಾಪ್‌ನಲ್ಲಿ ಒಂದು ಬ್ರೋಷರ್ ಕಳಿಸಿದಳು. ಮುಖಪುಟದಲ್ಲಿ ಹೆಡ್‌ಫೋನ್ ಹಾಕಿಕೊಂಡ ಹುಡುಗಿ, ಹಿಂದೆ ನೀಲಿ ಲೈಟು. 2016ರಲ್ಲಿ ನಾನು ಬೇರೊಂದು ಸಂಸ್ಥೆ ಸೇರಿದಾಗ ಅದರ ಬ್ರೋಷರ್ ಮೇಲೂ ಹೆಚ್ಚುಕಡಿಮೆ ಇಂಥದ್ದೇ ಹುಡುಗಿ ಇದ್ದಳು. ಫೋನಲ್ಲಿ ಅವಳಿಗೆ ಮುಕ್ಕಾಲು ಗಂಟೆ ಹೇಳಿದ್ದನ್ನೇ ಸ್ವಲ್ಪ ಬೈಗುಳ ತೆಗೆದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಅರಸೀಕೆರೆ ಹತ್ತಿರ. ತೆಂಗಿನ ತೋಟದ ಮನೆ. ಡಿಪ್ಲೊಮಾದ ಫೀಸು 2,10,000 ರೂಪಾಯಿ. ಅರ್ಧ ದುಡ್ಡಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿದರು. ಉಳಿದಿದ್ದಕ್ಕೆ, ರೇಟು ಬರಲಿ ಅಂತ ಅಟ್ಟದ ಮೇಲೆ ಇಟ್ಟಿದ್ದ ಉಂಡೆ ಕೊಬ್ಬರಿಯನ್ನು ತಿಪಟೂರಿಗೆ ಹಾಕಿದರು. ಎರಡು ತಿಂಗಳು ಕಾದಿದ್ದರೆ ಒಳ್ಳೆ ರೇಟು ಸಿಗುತ್ತಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಇದರ ಮೇಲೆ ಉಳಿದುಕೊಂಡಿದ್ದ ಪಿಜಿಗೆ ತಿಂಗಳಿಗೆ 7,000, ಕ್ಯಾಮೆರಾ ಡೆಪಾಸಿಟ್ ಅಂತ 5,000. ಆ ಡೆಪಾಸಿಟ್ ವಾಪಸ್ ಬಂದಿಲ್ಲ. ಆಮೇಲೆ ಎಂಎಗೆ ಎರಡು ವರ್ಷಕ್ಕೆ ಪರೀಕ್ಷೆ ಫೀಸೂ ಸೇರಿ ನಾನು ಕಟ್ಟಿದ್ದು ಮೂವತ್ತು ಸಾವಿರದ ಒಳಗೆ. ಹಾಸ್ಟೆಲ್ ಸಿಗಲಿಲ್ಲ, ಅದಕ್ಕೆ ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡುವ ವಿದ್ಯಾಸಿರಿ ನೆರವಿಗೆ ಅರ್ಜಿ ಹಾಕಿದೆ. ತಿಂಗಳಿಗೆ 1,500ರ ಹಾಗೆ ವರ್ಷಕ್ಕೆ ಹತ್ತು ತಿಂಗಳು. ರೂಮಿನ ಬಾಡಿಗೆಯ ನನ್ನ ಪಾಲು ಅದರಲ್ಲೇ ಹೋಗುತ್ತಿತ್ತು. ಡಿಪ್ಲೊಮಾ ಓದುವಾಗ ಇಂಥದ್ದು ಒಂದು ಪೈಸೆಯೂ ಸಿಕ್ಕಿರಲಿಲ್ಲ.

ಡಿಪ್ಲೊಮಾದಲ್ಲಿ ಏನೂ ಕಲಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲನೇ ವಾರವೇ ಕೈಗೆ ಕ್ಯಾಮೆರಾ ಕೊಟ್ಟರು. ಮುಖದ ಮುಂದೆ ಬಿಳಿ ಎ4 ಹಾಳೆ ಹಿಡಿದು ವೈಟ್ ಬ್ಯಾಲೆನ್ಸ್ ಮಾಡುವುದು, ಬೈಟ್ (ಜನರ ಮಾತಿನ ತುಣುಕು) ತೆಗೆದುಕೊಳ್ಳುವಾಗ ಮೈಕನ್ನು ಎಷ್ಟು ದೂರ ಹಿಡಿಯಬೇಕು, ಪ್ರೀಮಿಯರ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎರಡು ನಿಮಿಷದ ಸುದ್ದಿ ಪ್ಯಾಕೇಜ್ ಕಟ್ ಮಾಡುವುದು, ಇದೆಲ್ಲ ಕಲಿತದ್ದು ಅಲ್ಲೇ. ಬೆಳಗಿನ ಜಾವ ಐದಕ್ಕೆ ಕೆಆರ್ ಮಾರ್ಕೆಟ್‌ನ ಹೂವಿನ ಸಾಲಿನಲ್ಲಿ ನಿಂತು ಪೀಸ್ ಟು ಕ್ಯಾಮೆರಾ, ಅಂದರೆ ಕ್ಯಾಮೆರಾ ನೋಡಿಕೊಂಡು ವರದಿ, ಕೊಟ್ಟಿದ್ದೇನೆ. ಸೇವಂತಿಗೆ ಮೂಟೆ ಹೊತ್ತ ಒಬ್ಬರು "ಅಮ್ಮಾ ಸೈಡಿಗೆ" ಅಂತ ತಳ್ಳಿಕೊಂಡು ಹೋದರು, ಆ ಟೇಕೇ ಚೆನ್ನಾಗಿ ಬಂತು. ಕೋರ್ಸ್ ಮುಗಿದ ಮೇಲೆ ಮೂರು ತಿಂಗಳು ಸಂಬಳ ಇಲ್ಲದ ಇಂಟರ್ನ್‌ಶಿಪ್, ಆಮೇಲೆ ಒಂದು ನ್ಯೂಸ್ ಚಾನೆಲ್ ಡೆಸ್ಕಿನಲ್ಲಿ 14,000 ಸಂಬಳ. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದರೆ ಇದು.

ಇಡೀ ವರ್ಷ ಪಾಠ ಇಂಗ್ಲಿಷಿನಲ್ಲಿ, ಸಿಕ್ಕಿದ ಕೆಲಸ ಕನ್ನಡದಲ್ಲಿ. ಡೆಸ್ಕಿನ ಮೊದಲನೇ ದಿನ ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ತೆರೆದು ಕೂರಿಸಿದರು. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀ ಒತ್ತಬೇಕು ಅನ್ನುವುದೂ ನನಗೆ ಗೊತ್ತಿರಲಿಲ್ಲ. 'ಮುಖ್ಯಮಂತ್ರಿ' ಅಂತ ಟೈಪ್ ಮಾಡಲು ನಾನು ಒದ್ದಾಡುವಷ್ಟರಲ್ಲಿ ಪಕ್ಕದ ಹುಡುಗ ಟಿವಿ ಪರದೆಯ ಕೆಳಗೆ ಓಡುವ ಮೂರು ಸ್ಕ್ರೋಲ್ ಬಿಟ್ಟಿದ್ದ.

ಇದನ್ನೆಲ್ಲ ಸಹಿಸಿಕೊಳ್ಳಬಹುದು. ನನ್ನ ನಿಜವಾದ ಗೋಳು ಆ ಸರ್ಟಿಫಿಕೇಟಿನದು.

2019ರ ಹೊತ್ತಿಗೆ ನೈಟ್ ಶಿಫ್ಟ್ ಸಾಕಾಗಿ ಹೋಗಿತ್ತು. ಊರ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪತ್ರಿಕೋದ್ಯಮಕ್ಕೆ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ ಅಂತ ಗೊತ್ತಾಯಿತು. ನನಗೆ ಚಾನೆಲ್ ಅನುಭವ ಇದೆ, 'ಪೋಸ್ಟ್ ಗ್ರಾಜುಯೇಟ್ ಡಿಪ್ಲೊಮಾ' ಇದೆ, ಇನ್ನೇನು ಬೇಕು ಅಂದುಕೊಂಡು ಸೈಬರ್ ಸೆಂಟರಿಗೆ ಹೋಗಿ ಅರ್ಜಿ ತೆರೆಸಿದೆ. ಬಿಎ ವಿವರ ಎಲ್ಲ ತುಂಬಿದ್ದಾಯಿತು. ಮುಂದಿನ ಸಾಲು: ಸ್ನಾತಕೋತ್ತರ ಪದವಿ, ವಿಶ್ವವಿದ್ಯಾಲಯದ ಹೆಸರು, ನೋಂದಣಿ ಸಂಖ್ಯೆ, ಶೇಕಡಾವಾರು ಅಂಕ. ನನ್ನ ಸರ್ಟಿಫಿಕೇಟ್‌ನಲ್ಲಿ ಹೊಳೆಯುವ ಚಿನ್ನದ ಬಣ್ಣದ ಸ್ಟಿಕ್ಕರ್ ಇತ್ತು, 'ಎ ಪ್ಲಸ್' ಅಂತ ಇತ್ತು, ಒಬ್ಬರಲ್ಲ ಮೂವರ ಸಹಿ ಇತ್ತು. ವಿಶ್ವವಿದ್ಯಾಲಯದ ಹೆಸರೊಂದು ಇರಲಿಲ್ಲ. ಸೈಬರ್ ಹುಡುಗ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಎಳೆದ. "ಮೇಡಂ, ನಿಮ್ದು ಲಿಸ್ಟಲ್ಲೇ ಇಲ್ಲ. 'ಇತರೆ' ಹಾಕ್ಲಾ?" 'ಇತರೆ' ಹಾಕಿದರೆ ಮುಂದಿನ ಪುಟ ತೆರೆಯಲಿಲ್ಲ.

ಸಂಸ್ಥೆಗೆ ಫೋನ್ ಮಾಡಿದೆ. ಸೇರುವಾಗ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದ ಕೌನ್ಸೆಲರ್ ಈಗ ಇರಲಿಲ್ಲ, ಬೇರೆ ಯಾರೋ ಎತ್ತಿದರು. "ನಮ್ದು ಇಂಡಸ್ಟ್ರಿ ರೆಕಗ್ನೈಸ್ಡ್ ಮೇಡಂ" ಅಂದರು. ಅದೇ ಹೊತ್ತಿಗೆ ಕಾಲೇಜು ಉಪನ್ಯಾಸಕರ ಅರ್ಹತೆಗಾಗಿ ನಡೆಸುವ ನೆಟ್ ಪರೀಕ್ಷೆಯ ಸೂಚನೆ ಓದುತ್ತಿದ್ದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತಾರೆ: ಪಿಜಿ ಡಿಪ್ಲೊಮಾದವರು ತಮ್ಮ ಡಿಪ್ಲೊಮಾ ಸ್ನಾತಕೋತ್ತರ ಪದವಿಗೆ ಸಮವೇ ಅಂತ ದೆಹಲಿಯ ಭಾರತೀಯ ವಿಶ್ವವಿದ್ಯಾಲಯಗಳ ಸಂಘದಲ್ಲಿ ತಾವೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಹಾಗಾದರೆ ಒಂದು ಪತ್ರ ಕೊಡಿ ಅಂತ ಸಂಸ್ಥೆಯವರ ಬೆನ್ನು ಬಿದ್ದೆ. ಮೂರು ವಾರ ಆದ ಮೇಲೆ ದಪ್ಪ ಕಾಗದದಲ್ಲಿ ಒಂದು ಪತ್ರ ಬಂತು. 'ಈ ಕೋರ್ಸು ಸ್ನಾತಕೋತ್ತರ ಮಟ್ಟದ್ದಾಗಿದೆ' ಅಂತ. ಅದನ್ನು ಹಿಡಿದುಕೊಂಡು ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋದೆ. ಪಾಪ, ಒಳ್ಳೆಯ ಮನುಷ್ಯ, ಕಾಫಿ ತರಿಸಿದರು. ಪತ್ರವನ್ನು ಎರಡು ಸಲ ಓದಿ ಮಡಚಿ ವಾಪಸ್ ಕೊಡುತ್ತಾ ಹೇಳಿದರು: "ನೋಡಮ್ಮಾ, ಮಟ್ಟ ಬೇರೆ, ಪದವಿ ಬೇರೆ."

ಇಷ್ಟು ಚಿಕ್ಕ ವಿಷಯ ಸೇರುವ ಮೊದಲು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕಾನೂನಿನಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ, ವಿಶ್ವವಿದ್ಯಾಲಯಕ್ಕೆ ಸಮ ಅಂತ ಕೇಂದ್ರ ಸರ್ಕಾರ ಘೋಷಿಸಿದ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ, ಮತ್ತೆ ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಅದಕ್ಕೇ ಉಳಿದವರು ಡಿಪ್ಲೊಮಾ ಅನ್ನುತ್ತಾರೆ. ಡಿಪ್ಲೊಮಾ ಅಂದ ಕೂಡಲೇ ಕೆಟ್ಟದ್ದು ಅಂತಲ್ಲ. ದೆಹಲಿಯ ಐಐಎಂಸಿ (ಭಾರತೀಯ ಸಮೂಹ ಸಂವಹನ ಸಂಸ್ಥೆ) 1965ರಲ್ಲಿ ಶುರುವಾದದ್ದು, 2024ರಲ್ಲಿ ಡೀಮ್ಡ್ ಆಗುವವರೆಗೆ ಅದರ ಹೆಸರುವಾಸಿ ಪತ್ರಿಕೋದ್ಯಮ ಕೋರ್ಸುಗಳೂ ಪಿಜಿ ಡಿಪ್ಲೊಮಾಗಳೇ. ಅಲ್ಲಿ ಹೆಸರಿಗೇ ಒಂದು ತೂಕ ಇದೆ. ನನ್ನ ಸಂಸ್ಥೆಯ ಹೆಸರು ಹೇಳಿದರೆ "ಎಲ್ಲಿ ಬರುತ್ತೆ ಅದು?" ಅಂತ ಕೇಳುತ್ತಿದ್ದರು. ಹಾಗಾಗಿ ಖಾಸಗಿ ಕಡೆ ಸೇರುವವರು ಸ್ಟುಡಿಯೋ ನೋಡಲು ಹೋದಾಗ, ಹಿಂದಿನ ಬ್ಯಾಚಿನವರ ಒಂದು ಸರ್ಟಿಫಿಕೇಟ್ ತೋರಿಸಿ ಅನ್ನಿ. ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆ ನೋಡಿ. ತೋರಿಸಲು ಹಿಂದೆಮುಂದೆ ನೋಡಿದರೆ ಬಸ್ಸು ಹತ್ತಿ ಮನೆಗೆ ಬನ್ನಿ.

2021ರಲ್ಲಿ ಎಂಎಗೆ ಸೇರಿದೆ. ಇಪ್ಪತ್ತಾರು ವರ್ಷ, ಕ್ಲಾಸಿನಲ್ಲಿ ಎಲ್ಲರಿಗೂ ಅಕ್ಕ. ಬಿಎಸ್ಸಿ, ಬಿಕಾಂ ಮಾಡಿ ಬಂದವರೂ ಇದ್ದರು.

ವಿಭಾಗದಲ್ಲಿ ಕ್ಯಾಮೆರಾ ಒಂದೇ. ಅದು ಬೀರುವಿನಲ್ಲಿ, ಬೀರುವಿನ ಕೀ ಅಟೆಂಡರ್ ಹತ್ತಿರ, ಅಟೆಂಡರ್ ಊಟಕ್ಕೆ. ವಿಡಿಯೋ ಪೇಪರಿನ ಪ್ರಾಕ್ಟಿಕಲ್ ನಾವು ಮಾಡಿದ್ದು ನಮ್ಮ ನಮ್ಮ ಮೊಬೈಲಲ್ಲೇ. ಸಿಲಬಸ್ ಕೂಡ ಹಳೆಯದು. ನಮ್ಮ ರಾಜ್ಯದಲ್ಲಿ ಪತ್ರಿಕೋದ್ಯಮ ಕಾಲೇಜಿನ ಪಾಠವಾಗಿದ್ದು 1951ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಶುರು ಮಾಡಿದವರು ನಾಡಿಗ ಕೃಷ್ಣಮೂರ್ತಿ. ನಮ್ಮ ಕೆಲವು ನೋಟ್ಸ್ ಆಗಿನ ಕಾಲದವೇ ಅಂತ ಹಿಂದಿನ ಬೆಂಚಿನಲ್ಲಿ ತಮಾಷೆ ನಡೆಯುತ್ತಿತ್ತು. ರಿಸಲ್ಟ್ ತಡ. ಪ್ಲೇಸ್‌ಮೆಂಟ್ ಅನ್ನುವ ಪದವೇ ಇಲ್ಲ, ಸೀನಿಯರ್‌ಗಳ ವಾಟ್ಸಾಪ್ ಗ್ರೂಪೇ ಗತಿ.

ಆದರೂ ಯಾಕೆ ಇದೇ ಇಷ್ಟ ಅಂದರೆ, ಒಂದು ಕೆಂಪು ಪೆನ್ನಿಗೋಸ್ಕರ.

ವಿಭಾಗದಿಂದ ನಾಲ್ಕು ಪುಟದ ಪ್ರಾಯೋಗಿಕ ಪತ್ರಿಕೆ ಬರುತ್ತಿತ್ತು. ಸುದ್ದಿ ನಾವೇ ತರಬೇಕು, ನಾವೇ ಬರೆಯಬೇಕು, ಪುಟ ನಾವೇ ಕಟ್ಟಬೇಕು. ನಾನೋ ಚಾನೆಲ್‌ನಿಂದ ಬಂದವಳು, ನನಗೇನು ಹೇಳಿಕೊಡುತ್ತಾರೆ ಅನ್ನುವ ಧಿಮಾಕು. ಬಸ್ ನಿಲ್ದಾಣದ ಶೌಚಾಲಯದ ಬಗ್ಗೆ ಒಂದು ಸುದ್ದಿ ಬರೆದುಕೊಂಡು ಹೋದೆ. 'ಅಧಿಕಾರಿಗಳು ಕಣ್ಮುಚ್ಚಿ ಕುಳಿತಿದ್ದು ಸಾರ್ವಜನಿಕರು ಪರದಾಡುವಂತಾಗಿದೆ.' ಮೇಷ್ಟ್ರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಮೂರು ಪ್ರಶ್ನೆ ಬರೆದರು. ಯಾವ ಅಧಿಕಾರಿ? ಎಷ್ಟು ಜನ ಸಾರ್ವಜನಿಕರು? ಪರದಾಡಿದ್ದನ್ನು ನೀನು ನೋಡಿದೆಯಾ? ಮತ್ತೆ ಹೋಗಿ ಒಂದು ಮಧ್ಯಾಹ್ನ ಪೂರ್ತಿ ಅಲ್ಲಿ ಕೂತೆ. ನೀರು ಎರಡು ಗಂಟೆಗೆ ನಿಲ್ಲುತ್ತದೆ, ಸಂಜೆ ಆರರವರೆಗೆ ಬರುವುದಿಲ್ಲ, ಅಷ್ಟು ಹೊತ್ತು ಹೂ ಮಾರುವ ಹೆಂಗಸರು ಎದುರಿನ ಹೋಟೆಲಿನವರನ್ನು ಬೇಡಿಕೊಳ್ಳಬೇಕು. ಸುದ್ದಿ ಆಮೇಲೆ ಅರ್ಧಕ್ಕರ್ಧ ಚಿಕ್ಕದಾಯಿತು. ಚಾನೆಲ್‌ನಲ್ಲಿ ಎರಡು ವರ್ಷ ನಾನು ದಿನಾ 'ಪರದಾಡುವಂತಾಗಿದೆ' ಬರೆದಿದ್ದೆ, ಯಾರೂ ಕೇಳಿರಲಿಲ್ಲ. 'ಹಿಡಿಶಾಪ ಹಾಕುತ್ತಿದ್ದಾರೆ' ಬರೆದವರಿಗಂತೂ ಅದೇ ಮೇಷ್ಟ್ರು, "ಏನಂತ ಶಾಪ ಹಾಕಿದ್ರು, ಅದನ್ನ ಬರಿ" ಅನ್ನುತ್ತಿದ್ದರು.

ಥಿಯರಿ ಅಂದರೆ ಬೋರು ಅನ್ನುತ್ತಾರಲ್ಲ, ಅದು ಕೆಲಸ ಮಾಡಿ ಬಂದವರಿಗೆ ಹಾಗಲ್ಲ. ಅಜೆಂಡಾ ಸೆಟ್ಟಿಂಗ್ ಪಾಠ ಬಂತು. 1968ರ ಅಮೆರಿಕದ ಚುನಾವಣೆ ಹೊತ್ತಿಗೆ ಚಾಪೆಲ್ ಹಿಲ್ ಅನ್ನುವ ಊರಲ್ಲಿ ಮೆಕೂಂಬ್ಸ್ ಮತ್ತು ಶಾ ಎಂಬಿಬ್ಬರು 100 ಮತದಾರರನ್ನು ಮಾತಾಡಿಸಿದರು. ಪತ್ರಿಕೆ, ಟಿವಿ ಯಾವುದಕ್ಕೆ ಜಾಗ ಜಾಸ್ತಿ ಕೊಟ್ಟಿದ್ದವೋ ಅದೇ ದೊಡ್ಡ ವಿಷಯ ಅಂತ ಜನರೂ ಹೇಳಿದರು. 1972ರಲ್ಲಿ ಅದು ಪ್ರಕಟವಾಯಿತು. ಉಳಿದವರು ನೋಟ್ಸ್ ಬರೆದುಕೊಳ್ಳುತ್ತಿದ್ದರು, ನನಗೆ ನಮ್ಮ ನೈಟ್ ಶಿಫ್ಟಿನ ರನ್‌ಡೌನ್, ಅಂದರೆ ಯಾವ ಸುದ್ದಿಗೆ ಎಷ್ಟು ಹೊತ್ತು ಅನ್ನುವ ಪಟ್ಟಿ, ಕಣ್ಣ ಮುಂದೆ ಬಂತು: ರಾಗಿ ಖರೀದಿ ಕೇಂದ್ರದ ಮುಂದಿನ ಸಾಲು 40 ಸೆಕೆಂಡು, ನಟನೊಬ್ಬನ ಮದುವೆ ಊಟದ ಮೆನು 12 ನಿಮಿಷ. ಅದನ್ನು ಜೋಡಿಸಿದ್ದು ನಾನೇ.

ರೇಡಿಯೊ ಪಾಠದಲ್ಲೂ ಅಷ್ಟೇ ವ್ಯತ್ಯಾಸ. ಡಿಪ್ಲೊಮಾದಲ್ಲಿ ಆರ್‌ಜೆ ಥರ ನಗುತ್ತಾ ಮಾತಾಡುವುದು ಹೇಳಿಕೊಟ್ಟರು. ಇಲ್ಲಿ 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದ್ದು, 'ಆಕಾಶವಾಣಿ' ಅನ್ನುವ ಹೆಸರು ಅಲ್ಲಿಂದ ಬಂದದ್ದು ಗೊತ್ತಾಯಿತು. ಎರಡರಲ್ಲಿ ಯಾವುದು ಹೊಟ್ಟೆಗೆ ಹಿಟ್ಟು ಕೊಡುತ್ತದೆ ಅಂತ ಕೇಳಬೇಡಿ.

ಕೊಟ್ಟದ್ದೂ ಉಂಟು ಅನ್ನಿ. 2024ರ ಜನವರಿಯಲ್ಲಿ ಕೆಸೆಟ್, ಅಂದರೆ ನೆಟ್ ಥರದ್ದೇ ರಾಜ್ಯದ ಅರ್ಹತಾ ಪರೀಕ್ಷೆ, ಬರೆದೆ. ಮೊದಲ ಪೇಪರ್ 50 ಪ್ರಶ್ನೆ, ವಿಷಯದ್ದು 100. ಹಿಂದಿನ ಬೆಂಚಿನಲ್ಲಿ ನಾವು ನಕ್ಕಿದ್ದ ಅದೇ ನೋಟ್ಸ್ ಓದಿಕೊಂಡು ಹೋಗಿದ್ದೆ, ಪಾಸಾಯಿತು. ಈಗ ಅತಿಥಿ ಉಪನ್ಯಾಸಕಿ. ಈ ಸಲ ಅರ್ಜಿ ತುಂಬುವಾಗ ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿ ಮೊದಲನೇ ಎಳೆತಕ್ಕೇ ಸಿಕ್ಕಿತು.

ನನ್ನ ತೀರ್ಪು ನನ್ನ ಬುದ್ಧಿಗೆ, ನನ್ನ ಜೇಬಿಗೆ ತಕ್ಕ ಹಾಗೆ ಇದೆ, ಅದನ್ನು ಮರೆಯಬೇಡಿ. ನಾನು ನಿಧಾನದವಳು. ಲೈಬ್ರರಿಯಲ್ಲಿ ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟ ತಿರುವುತ್ತಾ ಕೂತರೆ ಊಟ ಮರೆಯುತ್ತೇನೆ. ಕ್ಯಾಮೆರಾ ಮುಂದೆ ನಿಲ್ಲುವ ಆಸೆ ಮಾರ್ಕೆಟ್‌ನಲ್ಲೇ ತೀರಿತು. ನಿಮಗೆ ಆ್ಯಂಕರ್ ಆಗುವುದೇ ಗುರಿ, ಎಡಿಟಿಂಗ್ ಟೇಬಲ್ಲೇ ಪ್ರಾಣ, ಮನೆಯಲ್ಲಿ ಎರಡು ಲಕ್ಷಕ್ಕೆ ಅಟ್ಟ ಖಾಲಿ ಮಾಡಬೇಕಿಲ್ಲ ಅಂದರೆ ಡಿಪ್ಲೊಮಾ ಮಾಡಿ, ತಪ್ಪೇನಿಲ್ಲ. ಆದರೆ ಎಂಎ ಆದ ಮೇಲೆ ಮಾಡಿ. ಎಡಿಟಿಂಗ್ ಒಂದನ್ನೇ ಕಲಿಯಬೇಕು ಅಂದರೆ ಮೂರು ತಿಂಗಳ ಕ್ಲಾಸು ಸಾಕು, ಅದಕ್ಕೆ ಇಷ್ಟು ದುಡ್ಡು ಬೇಡ.

ಚಿಕ್ಕಮ್ಮನಿಗೆ ಇನ್ನೂ ಸಮಾಧಾನವಿಲ್ಲ, "ಎರಡು ವರ್ಷ ಜಾಸ್ತಿ ಆಯ್ತಲ್ವೇನೇ" ಅನ್ನುತ್ತಿದ್ದಾರೆ. ನಾನು ಒಂದು ವರ್ಷ ಉಳಿಸಲು ಹೋಗಿ ಐದು ವರ್ಷ ಕಳೆದದ್ದನ್ನು ಲೆಕ್ಕ ಹಾಕಿ ಹೇಳಿದ್ದೇನೆ. ಹುಡುಗಿಗೆ ನಿನ್ನೆ ಮತ್ತೆ ಫೋನ್ ಮಾಡಿದ್ದೆ: ಬಿಎ ಆರೂ ಸೆಮಿಸ್ಟರಿನ ಅಂಕಪಟ್ಟಿ, ಟಿಸಿ, ಜಾತಿ ಆದಾಯ ಪ್ರಮಾಣಪತ್ರ ಮೂರು ಮೂರು ಜೆರಾಕ್ಸ್ ಮಾಡಿಸಿ ಇಟ್ಟುಕೋ, ಆದಾಯದ್ದು ಹಳೆಯದಾಗಿದ್ದರೆ ನಾಳೆಯೇ ನಾಡಕಚೇರಿಗೆ ಹೋಗು. "ಆಯ್ತಕ್ಕಾ" ಅಂದಳು. ಆಮೇಲೆ ಮೆಲ್ಲಗೆ, "ಅಲ್ಲಿ ಕ್ಯಾಮೆರಾ ಒಂದೇನಾ ಇರೋದು?" ಅಂತ ಕೇಳಿದಳು.